ಗುಡ್ಡದ ನಡುಕಕ್ಕೆ ಲೆಕ್ಕವಿರಲಿ

(ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿದ ಉಪನ್ಯಾಸದ ಪಠ್ಯ)



ಭೂಕಂಪವೆಂದೊಡನೆ ಹಿಮಾಲಯದ ತಪ್ಪಲು, ಅಸ್ಸಾಂ ಅಥವಾ 2001ರ ಜನವರಿ 26ರಂದು ನೆಲಸಮವಾದ ಗುಜರಾತಿನ ಭುಜ್ ನೆನಪಾಗುವುದು ಸಹಜ. ತುಂಗೆಯ ದಡದ ಶೃಂಗೇರಿಗೂ, ಅಡಕೆ ತೋಟಗಳ ನಡುವಿನ ಕೊಪ್ಪಕ್ಕೂ, ಭದ್ರಾ ಹಿನ್ನೀರಿನ ಅಂಚಿನ ನರಸಿಂಹರಾಜಪುರಕ್ಕೂ ಈ ಮಾತಿಗೂ ಏನು ಸಂಬಂಧವೆಂದು ಕೇಳುವವರಿದ್ದಾರೆ. ಮಲೆನಾಡಿನ ಕಲ್ಲು ಬಲು ಹಳೆಯದು; ಇಲ್ಲಿನ ಶಿಲೆಗಳಲ್ಲಿ ಹಲವು 250 ಕೋಟಿ ವರ್ಷಗಳಿಗೂ ಹಿಂದಿನವು. ಇಷ್ಟು ಹಳೆಯ, ಗಟ್ಟಿಯಾದ ನೆಲ ಅಲುಗಾಡದು ಎಂಬ ನಂಬಿಕೆ ಜನರಲ್ಲಷ್ಟೇ ಅಲ್ಲ, ಬಹುಕಾಲ ಪಂಡಿತರಲ್ಲಿಯೂ ಇತ್ತು.

ಆ ನಂಬಿಕೆಯನ್ನು ನೆಲವೇ ಮತ್ತೆ ಮತ್ತೆ ತಿದ್ದಿದೆ. 1843ರ ಏಪ್ರಿಲ್‌ನಲ್ಲಿ ಬಳ್ಳಾರಿ ನಡುಗಿತು. 1900ರ ಫೆಬ್ರುವರಿಯಲ್ಲಿ ಕೊಯಮತ್ತೂರು ಕಂಪಿಸಿತು. 1967ರ ಡಿಸೆಂಬರ್ 11ರ ನಸುಕಿನಲ್ಲಿ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಬಳಿ ಸಂಭವಿಸಿದ ಭೂಕಂಪ ಇನ್ನೂರರ ಸಮೀಪ ಜನರನ್ನು ಬಲಿ ತೆಗೆದುಕೊಂಡಿತು. 1975ರ ಮೇ 12ರಂದು ಶಿವಮೊಗ್ಗ ಸೀಮೆಯಲ್ಲಿಯೇ 5ರ ಆಸುಪಾಸಿನ ಕಂಪನ ದಾಖಲಾಯಿತು. 1993ರ ಸೆಪ್ಟೆಂಬರ್ 30ರ ಮುಂಜಾವ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಹತ್ತು ಸಾವಿರದಷ್ಟು ಜನ ಮನೆಯ ಗೋಡೆಗಳಡಿಯಲ್ಲಿಯೇ ಮಡಿದರು. ಇವೆಲ್ಲವೂ ದಕ್ಷಿಣದ ಹಳೆಯ ಪ್ರಸ್ಥಭೂಮಿಯಲ್ಲಿ ನಡೆದವುಗಳೇ.

ಕಾರಣ ನಿಗೂಢವಲ್ಲ. ಭಾರತವನ್ನು ಹೊತ್ತ ಭೂಫಲಕವು ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಉತ್ತರದಿಕ್ಕಿಗೆ ಸರಿಯುತ್ತ ಏಷ್ಯಾದ ಫಲಕವನ್ನು ಒತ್ತುತ್ತಿದೆ. ಆ ಒತ್ತಡದ ಹೆಚ್ಚಿನ ಪಾಲು ಹಿಮಾಲಯದಲ್ಲಿ ಬಿಡುಗಡೆಯಾಗುತ್ತದೆ. ಉಳಿದದ್ದು ಫಲಕದ ಒಡಲಲ್ಲಿ ಹರಡಿಕೊಂಡು, ಕೋಟ್ಯಂತರ ವರ್ಷಗಳ ಹಿಂದಿನ ಹಳೆಯ ಬಿರುಕುಗಳನ್ನು ಅಪರೂಪಕ್ಕೊಮ್ಮೆ ಜರುಗಿಸುತ್ತದೆ. ಇಲ್ಲಿ ಭೂಕಂಪ ವಿರಳ ಎಂಬುದು ನಿಜ. ಇಲ್ಲವೇ ಇಲ್ಲ ಎಂಬುದು ಸುಳ್ಳು.

ನಕ್ಷೆಯ ಚರಿತ್ರೆಯನ್ನು ಗಮನಿಸಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ದೇಶದ ಭೂಕಂಪ ವಲಯಗಳ ನಕ್ಷೆಯನ್ನು ಕೊಯ್ನಾ ದುರಂತದ ಬಳಿಕ 1970ರಲ್ಲಿ ಪರಿಷ್ಕರಿಸಲಾಯಿತು. ಆ ಪರಿಷ್ಕೃತ ನಕ್ಷೆಯಲ್ಲಿ ಕಿಲ್ಲಾರಿ ಅತ್ಯಂತ ಸುರಕ್ಷಿತವೆನಿಸಿದ ಒಂದನೆಯ ವಲಯದಲ್ಲಿತ್ತು. ಕಿಲ್ಲಾರಿ ಮತ್ತು ಭುಜ್ ದುರಂತಗಳ ನಂತರ, 2002ರಲ್ಲಿ, ಒಂದನೆಯ ವಲಯವನ್ನೇ ತೆಗೆದುಹಾಕಿ ಅದನ್ನು ಎರಡನೆಯದರಲ್ಲಿ ಸೇರಿಸಲಾಯಿತು. ಅಂದರೆ ಸಂಪೂರ್ಣ ನಿರ್ಭಯ ಪ್ರದೇಶವೆಂಬುದು ದೇಶದಲ್ಲಿ ಇಲ್ಲವೆಂದು ಅಧಿಕೃತವಾಗಿ ಒಪ್ಪಿಕೊಂಡಂತಾಯಿತು. ಸಾವಿನ ನಂತರ ನಕ್ಷೆ ಬದಲಾಗುವುದು ದುಃಖದ ಸಂಗತಿ. ಸಾವಿಗೆ ಮೊದಲೇ ನೆಲದ ನಡವಳಿಕೆಯನ್ನು ಬರೆದಿಟ್ಟುಕೊಳ್ಳುವುದಕ್ಕೇ ನಿಗಾವಣೆ ಎಂದು ಹೆಸರು.

ನಿಗಾವಣೆ ನಡೆಯುವ ಬಗೆ ಸರಳವಾದದ್ದು. ಭೂಮಿಯೊಳಗೆ ಬಂಡೆ ಜರುಗಿದಾಗ ಎರಡು ಬಗೆಯ ಅಲೆಗಳು ಹೊರಡುತ್ತವೆ. ಮೊದಲನೆಯದು ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ವೇಗದ್ದು; ಎರಡನೆಯದು ಸುಮಾರು ಮೂರೂವರೆ ಕಿಲೋಮೀಟರಿನದು. ಗುಡುಗು ಮಿಂಚುಗಳ ನಡುವಿನ ಅಂತರವನ್ನು ಎಣಿಸಿ ಸಿಡಿಲಿನ ದೂರ ಊಹಿಸುವಂತೆ, ಈ ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನು ಎಂಟರಿಂದ ಗುಣಿಸಿದರೆ ಕಂಪನದ ದೂರ ಕಿಲೋಮೀಟರುಗಳಲ್ಲಿ ಸುಮಾರಾಗಿ ದೊರೆಯುತ್ತದೆ. ಹತ್ತು ಸೆಕೆಂಡಿನ ಅಂತರವಿದ್ದರೆ ಕಂಪನದ ಮೂಲ 80 ಕಿಲೋಮೀಟರ್ ಆಚೆಗಿದೆ. ಹೀಗೆ ಮೂರು ಕೇಂದ್ರಗಳಿಂದ ದೂರ ತಿಳಿದರೆ ಸ್ಥಳ ಗೊತ್ತಾಗುತ್ತದೆ. ಕೇಂದ್ರಗಳು ಹತ್ತಿರ ಹತ್ತಿರ ಇದ್ದಷ್ಟೂ ಸಣ್ಣ ಕಂಪನಗಳೂ ತಪ್ಪಿಸಿಕೊಳ್ಳಲಾರವು.

ದೇಶದಲ್ಲಿ ಈ ಕೆಲಸ 1898ರಲ್ಲಿ ಕಲ್ಕತ್ತೆಯ ಅಲಿಪುರದಲ್ಲಿ ಆರಂಭವಾಯಿತು. ಇಂದು ರಾಷ್ಟ್ರೀಯ ಭೂಕಂಪಶಾಸ್ತ್ರ ಕೇಂದ್ರವು ದೇಶದಾದ್ಯಂತ 150ಕ್ಕೂ ಹೆಚ್ಚು ಕೇಂದ್ರಗಳ ಜಾಲವನ್ನು ನಡೆಸುತ್ತಿದೆ. ಕರ್ನಾಟಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಕಂಪನಗಳನ್ನು ದಾಖಲಿಸುತ್ತದೆ. ಗೌರಿಬಿದನೂರಿನಲ್ಲಿ 1965ರಲ್ಲಿಯೇ ಸ್ಥಾಪನೆಯಾದ ಭೂಕಂಪಮಾಪಕಗಳ ಸಾಲು ಜಗತ್ತಿನಲ್ಲೇ ಹೆಸರಾದುದು; ಅದರ ಮೂಲ ಉದ್ದೇಶ ದೂರದೇಶಗಳ ಪರಮಾಣು ಸ್ಫೋಟಗಳನ್ನು ಪತ್ತೆಹಚ್ಚುವುದಾಗಿತ್ತು. ಸ್ಫೋಟವು ನೆಲವನ್ನು ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುತ್ತದೆ. ಭೂಕಂಪ ಕೆಲವು ದಿಕ್ಕಿಗೆ ತಳ್ಳಿ ಕೆಲವು ದಿಕ್ಕಿನಿಂದ ಎಳೆಯುತ್ತದೆ. ಕಲ್ಲುಕ್ವಾರಿಯ ಸಿಡಿತಕ್ಕೂ ನೆಲದ ನಡುಕಕ್ಕೂ ಇರುವ ಭೇದವನ್ನು ಉಪಕರಣ ಗುರುತಿಸುವ ದಾರಿಗಳಲ್ಲಿ ಇದೂ ಒಂದು.

ದಾಖಲಾದ ಮೇಲೆ ಬರುವುದು ಮೌಲ್ಯಮಾಪನ. ಇಲ್ಲಿ ಎರಡು ಮಾತುಗಳನ್ನು ಬೇರೆಬೇರೆಯಾಗಿ ಗ್ರಹಿಸಬೇಕು. ಪರಿಮಾಣವೆಂದರೆ ಭೂಕಂಪದ ಗಾತ್ರ. ಅದು ಒಂದು ಕಂಪನಕ್ಕೆ ಒಂದೇ. ತೀವ್ರತೆಯೆಂದರೆ ಒಂದೊಂದು ಊರಿನಲ್ಲಿ ಅದು ತೋರಿದ ಪ್ರಭಾವ. ಅದು ಊರಿಂದೂರಿಗೆ ಬೇರೆ. ದೀಪದ ಶಕ್ತಿ ಒಂದೇ ಆದರೂ ಜಗಲಿಯಲ್ಲಿ ಬೀಳುವ ಬೆಳಕೇ ಬೇರೆ, ಅಂಗಳದಲ್ಲಿ ಬೀಳುವ ಬೆಳಕೇ ಬೇರೆಯಾಗುವಂತೆ. ಪರಿಮಾಣದಲ್ಲಿ ಒಂದು ಅಂಕ ಏರಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಆದ್ದರಿಂದ ‘ಸಣ್ಣ ಕಂಪನಗಳಾದರೆ ಒಳ್ಳೆಯದೇ, ಒತ್ತಡ ಇಳಿದುಹೋಗುತ್ತದೆ’ ಎಂಬ ಸಮಾಧಾನಕ್ಕೆ ಆಧಾರವಿಲ್ಲ. 6ರ ಪರಿಮಾಣದ ಒಂದು ಭೂಕಂಪದ ಶಕ್ತಿಯನ್ನು ಕಳೆಯಬೇಕಾದರೆ 3ರ ಪರಿಮಾಣದ 30 ಸಾವಿರದಷ್ಟು ಕಂಪನಗಳು ಬೇಕು!

ಹಾಗೆಂದು ಪ್ರತಿ ಸಣ್ಣ ನಡುಕವೂ ದೊಡ್ಡದರ ಮುನ್ಸೂಚನೆಯಲ್ಲ. 2022ರ ಜೂನ್ ಕೊನೆ ಮತ್ತು ಜುಲೈ ಆರಂಭದಲ್ಲಿ ಕೊಡಗು ಹಾಗೂ ದಕ್ಷಿಣ ಕನ್ನಡದ ಗಡಿಯ ಚೆಂಬು, ಸಂಪಾಜೆ, ಸುಳ್ಯ ಸೀಮೆ ಪದೇ ಪದೇ ನಡುಗಿತು. ಜೂನ್ 28ರ ಬೆಳಗಿನ ಕಂಪನದ ಪರಿಮಾಣ 3.0. ನೆಲದೊಳಗಿಂದ ಸದ್ದು ಬಂತು, ಪಾತ್ರೆಗಳು ಅಲುಗಿದವು, ಜನ ಅಂಗಳಕ್ಕೆ ಓಡಿಬಂದರು. ಕಂಪನದ ಮೂಲ ಹೆಚ್ಚು ಆಳದಲ್ಲಿಲ್ಲದಿದ್ದರೆ ಹೀಗೆ ಸದ್ದು ಕೇಳಿಸುವುದುಂಟು. ಆ ಸರಣಿ ಕ್ರಮೇಣ ಅಡಗಿತು. ಆದರೆ ಕಿಲ್ಲಾರಿಯಲ್ಲಿ 1992ರಲ್ಲಿ ಕಾಣಿಸಿದ ಇಂತಹುದೇ ಸಣ್ಣ ಕಂಪನಗಳ ಸರಣಿಗೆ ಮರುವರ್ಷ ಬೇರೆಯದೇ ಅಂತ್ಯವಾಯಿತು. ಯಾವ ಸರಣಿ ಅಡಗುವುದು, ಯಾವುದು ಬೆಳೆಯುವುದು ಎಂದು ಮುಂಚಿತವಾಗಿ ಹೇಳುವ ವಿದ್ಯೆ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ದಿನ, ಗಳಿಗೆ ಹೇಳುವವರನ್ನು ನಂಬಬೇಕಾಗಿಲ್ಲ. ಸರಣಿ ಆರಂಭವಾದ ಕೂಡಲೇ ತಾತ್ಕಾಲಿಕ ಮಾಪಕಗಳನ್ನು ಹತ್ತಿರದಲ್ಲಿರಿಸುವುದು, ಫಲಿತಾಂಶವನ್ನು ಜನರಿಗೆ ತಿಳಿಸುವುದು, ಹಳೆಯ ಗೋಡೆಗಳನ್ನು ಪರೀಕ್ಷಿಸುವುದು—ಇವಷ್ಟೇ ಮನುಷ್ಯನ ಕೈಯಲ್ಲಿರುವ ಕೆಲಸಗಳು.

ಗುಡ್ಡನಾಡಿನಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ನೆಲ ಸದ್ದು ಮಾಡಲು ಭೂಕಂಪವೇ ಬೇಕೆಂದಿಲ್ಲ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಧರೆ ಕುಸಿದು ಮನೆ ತೋಟಗಳು ಹೋದವು. 2024ರ ಜುಲೈ 30ರ ವಯನಾಡು ದುರಂತದ ಕೆಲವೇ ದಿನಗಳ ಬಳಿಕ ಅಲ್ಲಿನ ಹಲವು ಊರುಗಳವರಿಗೆ ನೆಲದೊಳಗಿಂದ ಮೊರೆತ ಕೇಳಿಸಿತು. ಮಾಪಕಗಳನ್ನು ಪರಿಶೀಲಿಸಿದ ರಾಷ್ಟ್ರೀಯ ಕೇಂದ್ರವು ಭೂಕಂಪ ದಾಖಲಾಗಿಲ್ಲವೆಂದು ತಿಳಿಸಿತು. ‘ಭೂಕಂಪವಲ್ಲ’ ಎಂಬ ಉತ್ತರ ಬಂದರೆ ‘ಅಪಾಯವಿಲ್ಲ’ ಎಂದು ಅರ್ಥವಲ್ಲ. ಮಳೆಯಲ್ಲಿ ನೆನೆದ, ರಸ್ತೆಗೆಂದು ನೆಟ್ಟಗೆ ಕಡಿದ, ಮರ ಕಳೆದುಕೊಂಡ ಗುಡ್ಡಕ್ಕೆ ಜಾರಲು ಭೂಕಂಪದ ಅಪ್ಪಣೆ ಬೇಕಿಲ್ಲ. ಅಂತಹ ಗುಡ್ಡಕ್ಕೆ ಮಳೆಗಾಲದಲ್ಲಿ ಸಾಧಾರಣ ಕಂಪನವೊಂದು ತಗುಲಿದರೂ ಹಾನಿ ಇಮ್ಮಡಿಯಾಗಬಹುದು. ಆದುದರಿಂದ ಮಲೆನಾಡಿನಲ್ಲಿ ಭೂಕಂಪದ ಮೌಲ್ಯಮಾಪನವನ್ನು ಇಳಿಜಾರಿನ ಮೌಲ್ಯಮಾಪನದಿಂದ ಬೇರ್ಪಡಿಸಲಾಗದು.

ಇನ್ನು ಅಣೆಕಟ್ಟುಗಳ ವಿಚಾರ. ಕೊಯ್ನಾ ಜಲಾಶಯದಲ್ಲಿ 1962ರಿಂದ ನೀರು ತುಂಬತೊಡಗಿದ ಬಳಿಕ ಕಂಪನಗಳು ಕಾಣಿಸಿಕೊಂಡವು. ಐದು ವರ್ಷಗಳಲ್ಲಿ ದೊಡ್ಡ ಭೂಕಂಪವೇ ಆಯಿತು. ಕಂಪನಗಳು ಇಂದಿಗೂ ನಿಂತಿಲ್ಲ. ನೀರಿನ ಭಾರ ಮತ್ತು ಬಿರುಕುಗಳಿಗೆ ಇಳಿಯುವ ನೀರಿನ ಒತ್ತಡ, ಮೊದಲೇ ಬಿಗಿದಿದ್ದ ಬಂಡೆಗಳನ್ನು ಸಡಿಲಿಸುತ್ತವೆ. ಎಲ್ಲ ಜಲಾಶಯಗಳೂ ಹೀಗೆ ವರ್ತಿಸುವುದಿಲ್ಲ, ಹೆಚ್ಚಿನವು ವರ್ತಿಸಿಲ್ಲ. 1960ರ ದಶಕದಲ್ಲಿ ಪೂರ್ಣಗೊಂಡ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಆರು ದಶಕಗಳಿಂದ ನೀರು ಹಿಡಿದು ನಿಂತಿದೆ. ಭಯ ಹುಟ್ಟಿಸುವುದು ಈ ಮಾತಿನ ಉದ್ದೇಶವಲ್ಲ. ಆದರೆ ಹಿನ್ನೀರಿಗಾಗಿ ಊರು ಗದ್ದೆಗಳನ್ನು ಬಿಟ್ಟುಕೊಟ್ಟ ನರಸಿಂಹರಾಜಪುರ ಸೀಮೆಯ ಜನರಿಗೆ, ಕೆಳಗಿನ ಭದ್ರಾವತಿಯವರಿಗೆ, ಅಣೆಕಟ್ಟಿನ ಸುತ್ತಣ ಕಂಪನದ ದಾಖಲೆಯನ್ನು ಕೇಳುವ ಹಕ್ಕಿದೆ.

ಭದ್ರೆಯ ಮೂಲದ ಕಡೆಗೂ ಕಣ್ಣು ಹಾಯಬೇಕು. ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಅದಿರು ತೊಳೆದ ಹೂಳನ್ನು ಹಿಡಿದಿಟ್ಟ, ಸುಮಾರು 100 ಮೀಟರ್ ಎತ್ತರದ ಲಕ್ಯಾ ಅಣೆಕಟ್ಟು ಮಾತ್ರ ಅಲ್ಲಿಯೇ ಇದೆ. ಲಕ್ಯಾ ಹೊಳೆ ಭದ್ರೆಯನ್ನು ಸೇರುತ್ತದೆ; ಭದ್ರೆ ಬಾಳೆಹೊನ್ನೂರಿನ ಮೂಲಕ ಹರಿಯುತ್ತದೆ. ಚಿಲಿ ದೇಶದ ಎಲ್ ಕೋಬ್ರೆ ಎಂಬಲ್ಲಿ 1965ರ ಮಾರ್ಚ್ 28ರ ಭೂಕಂಪಕ್ಕೆ ಗಣಿಹೂಳಿನ ಕಟ್ಟೆಗಳು ಒಡೆದು, ಹೂಳು ನೀರಿನಂತೆ ಹರಿದು 200ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿನ ಕಟ್ಟೆ ಬೇರೆ, ಇಲ್ಲಿನ ಕಟ್ಟೆ ಬೇರೆ. ಅಲ್ಲಿನಂತಹ ಪ್ರಬಲ ಭೂಕಂಪಗಳ ನೆಲವೂ ಇದಲ್ಲ. ಆದರೂ ಗಣಿ ಮುಚ್ಚಿತೆಂದು ಕಾವಲು ಮುಗಿಯಲಿಲ್ಲ ಎಂಬ ಪಾಠ ಎರಡಕ್ಕೂ ಒಂದೇ.

ಕಾನೂನಿನ ಬೆಂಬಲವೂ ಈಗ ಇದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯು, ತನ್ನ ವ್ಯಾಪ್ತಿಗೆ ಬರುವ ಅಣೆಕಟ್ಟುಗಳಲ್ಲಿ 30 ಮೀಟರ್ ಅಥವಾ ಹೆಚ್ಚು ಎತ್ತರವಿರುವ ಪ್ರತಿಯೊಂದರ ಬಳಿಯೂ ಭೂಕಂಪಮಾಪನ ಕೇಂದ್ರವಿರಬೇಕೆಂದು ವಿಧಿಸಿದೆ. ಭದ್ರಾ ಅಣೆಕಟ್ಟಿನ ಎತ್ತರ ಸುಮಾರು 59 ಮೀಟರ್. ತುರ್ತು ಕಾರ್ಯಯೋಜನೆಯನ್ನು ಸಿದ್ಧಪಡಿಸುವ ಹೊಣೆಯನ್ನೂ ಅದೇ ಕಾಯ್ದೆ ಅಣೆಕಟ್ಟಿನ ಒಡೆತನದವರ ಮೇಲೆ ಹೊರಿಸಿದೆ. ಯೋಜನೆ ಕಪಾಟಿನಲ್ಲಿದ್ದರೆ ಸಾಲದು. ಹೊಳೆದಂಡೆಯ ಗ್ರಾಮಸಭೆಗಳಲ್ಲಿ ಅದನ್ನು ಓದಿ ಹೇಳಬೇಕು. ಕೇಳುವವರಿಲ್ಲದಿದ್ದರೆ ಹೇಳುವವರೂ ಇರುವುದಿಲ್ಲ.

ಹಳ್ಳಿಗಳಲ್ಲಿ ಆಗಬೇಕಾದ ಕೆಲಸ ದೊಡ್ಡ ಖರ್ಚಿನದಲ್ಲ. ಪ್ರತಿ ಪ್ರೌಢಶಾಲೆಯಲ್ಲಿ ಒಂದು ಕಂಪನ ಪುಸ್ತಕವಿರಲಿ. ನಡುಕ ಅನುಭವಕ್ಕೆ ಬಂದಾಗ ದಿನಾಂಕ, ಗಂಟೆ ನಿಮಿಷ, ಎಷ್ಟು ಹೊತ್ತು ಇತ್ತು, ಸದ್ದು ಮೊದಲೋ ನಡುಕ ಮೊದಲೋ, ನಾಗಂದಿಗೆಯ ಮೇಲಿನ ಪಾತ್ರೆ ಅಲುಗಿತೋ ಕೆಳಗೆ ಬಿತ್ತೋ, ಹಂಚು ಜಾರಿತೋ, ಬಾವಿಯ ನೀರು ಏರಿತೋ ಕದಡಿತೋ, ಮಳೆ ಇತ್ತೋ, ಸಮೀಪದ ಕ್ವಾರಿಯಲ್ಲಿ ಸಿಡಿಮದ್ದು ಹಾರಿಸಿದ್ದರೋ ಎಂಬುದನ್ನು ಬರೆಯಲಿ. ಊರಿನ ಈ ಬರಹದಿಂದಲೇ ತೀವ್ರತೆಯ ನಕ್ಷೆ ಹುಟ್ಟುವುದು. ಮಾಪಕ ಪರಿಮಾಣ ಹೇಳಬಲ್ಲದು, ಯಾರ ಮನೆಯ ಗೋಡೆ ಬಿರಿಯಿತೆಂದು ಹೇಳಲಾರದು. ಅನುಭವವಾಗದ ತಿಂಗಳಲ್ಲಿ ‘ಏನೂ ಇಲ್ಲ’ ಎಂದು ಬರೆಯುವುದೂ ಅಷ್ಟೇ ಮುಖ್ಯ. ಪುಸ್ತಕದ ಪ್ರತಿ ತಹಶೀಲ್ದಾರರ ಕಚೇರಿಗೂ ರಾಜ್ಯದ ಉಸ್ತುವಾರಿ ಕೇಂದ್ರಕ್ಕೂ ಹೋಗಲಿ.

ಜೊತೆಗೆ ಕಟ್ಟಡಗಳತ್ತ ಗಮನವಿರಲಿ. ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಭೂಮಿಯಲ್ಲ. ಮಣ್ಣಿನಲ್ಲಿ ಜೋಡಿಸಿದ ದಪ್ಪ ಕಲ್ಲುಗೋಡೆ ಮತ್ತು ಅದರ ಮೇಲಿನ ಭಾರವಾದ ಮಣ್ಣಿನ ಮಾಳಿಗೆ. ಮಲೆನಾಡಿನ ಮರದ ತೊಲೆ, ಹಂಚಿನ ಮಾಡು ಹಗುರವಾದವು. ಅದು ಹಿರಿಯರು ಬಿಟ್ಟುಹೋದ ಉಪಕಾರ. ಹೊಸದಾಗಿ ಕಟ್ಟುವವರು ಅಡಿಪಾಯದ ಮೇಲೆ, ಲಿಂಟಲ್ ಮಟ್ಟದಲ್ಲಿ ಮತ್ತು ಮಾಡಿನ ಕೆಳಗೆ ಇಡೀ ಮನೆಯನ್ನು ಸುತ್ತುವ ಕಾಂಕ್ರೀಟ್ ಪಟ್ಟಿಯನ್ನು ಹಾಕಿಸಿದರೆ ಗೋಡೆಗಳು ಬೇರೆಬೇರೆಯಾಗಿ ಬೀಳುವುದಿಲ್ಲ. ಧರೆಯನ್ನು ನೆಟ್ಟಗೆ ಕಡಿದು ಅದರ ಬುಡದಲ್ಲಿ ಮನೆ, ಶಾಲೆ, ಅಂಗನವಾಡಿ ಕಟ್ಟದಿರುವುದು ಮೊದಲ ಎಚ್ಚರಿಕೆ.

ಬಂಧುಗಳೇ, ಮಲೆನಾಡಿಗರು ಮಳೆಯನ್ನು ಅಳೆದು ಬರೆದಿಡುವುದರಲ್ಲಿ ನಿಷ್ಣಾತರು. ಎಷ್ಟೋ ಮನೆಗಳ ಜಗಲಿಯಲ್ಲಿ ತಲೆಮಾರುಗಳ ಮಳೆಯ ಲೆಕ್ಕದ ಪುಸ್ತಕಗಳಿವೆ. ಅದೇ ಶ್ರದ್ಧೆಯಿಂದ ನೆಲದ ನಡುಕಕ್ಕೂ ಒಂದು ಪುಟ ಮೀಸಲಾಗಲಿ. ಆ ಪುಟ ವರ್ಷಗಟ್ಟಲೆ ಖಾಲಿಯಾಗಿಯೇ ಉಳಿಯಲಿ ಎಂಬುದೇ ಎಲ್ಲರ ಹಾರೈಕೆ. ಆದರೆ ಪುಟವೇ ಇಲ್ಲದಿರುವುದು ಬೇಡ.