ಹೊಳೆಗೆ ಎರಡು ದಡ

‘ಈ ವಿಷಯವನ್ನು ಕೂಲಂಕಷವಾಗಿ ವಿಚಾರ ಮಾಡಬೇಕು’ ಎಂದು ನಾವು ಆಗಾಗ ಹೇಳುವುದುಂಟು. ಆ ಮಾತಿನೊಳಗೆ ಒಂದು ಹೊಳೆ ಹರಿಯುತ್ತಿರುವುದನ್ನು ಗಮನಿಸಿದವರು ಕಡಮೆ. ‘ಕೂಲ’ವೆಂದರೆ ದಡ, ‘ಕಷ’ವೆಂದರೆ ಉಜ್ಜುವುದು. ದಡಗಳನ್ನು ಉಜ್ಜಿಕೊಂಡು ತುಂಬಿ ಹರಿಯುವ ಹೊಳೆಯೇ ಕೂಲಂಕಷೆ. ಒಂದು ವಿಷಯವನ್ನು ಈ ಅಂಚಿನಿಂದ ಆ ಅಂಚಿನವರೆಗೆ ನೋಡುವುದಕ್ಕೆ ಈ ಹೆಸರು ಸಲ್ಲುವುದು ಎಷ್ಟು ಸೊಗಸು! ಆದರೆ ಹೊಳೆಯ ವಿಷಯವನ್ನೇ ನಾವು ಕೂಲಂಕಷವಾಗಿ ನೋಡಿಲ್ಲ. ಹೊಳೆ ಕೆಟ್ಟಿತೆಂದರೆ ನೀರಿನ ಬಣ್ಣವನ್ನು ನೋಡುತ್ತೇವೆ. ದಡದ ಕಡೆಗೆ ಕಣ್ಣು ಹಾಯಿಸುವುದಿಲ್ಲ. ಇಂದು ನಾನು ಹೇಳಬೇಕೆಂದಿರುವುದು ದಡದ ಮಾತು.

ನಮ್ಮ ನಿಲ್ಕುಂದ ಸಿದ್ದಾಪುರ ತಾಲ್ಲೂಕಿನಲ್ಲಿ ಘಟ್ಟದ ಅಂಚಿಗಿರುವ ಊರು. ನಮ್ಮ ಸೀಮೆಯ ಹೊಳೆ ಅಘನಾಶಿನಿ. ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರು ಆಳಕ್ಕೆ ಧುಮುಕಿ, ಕುಮಟೆಯ ಬಳಿ ಕಡಲನ್ನು ಸೇರುವವರೆಗೆ ಅದಕ್ಕೆ ದೊಡ್ಡ ಅಣೆಕಟ್ಟಿನ ತಡೆಯಿಲ್ಲ, ದೊಡ್ಡ ಕಾರ್ಖಾನೆಯ ನೆರೆಯಿಲ್ಲ. ಇದರ ಕಣಿವೆಯ ಕಾಡನ್ನು 2011ರಲ್ಲಿ ಸಿಂಗಳೀಕಗಳಿಗಾಗಿ ಸಂರಕ್ಷಿತ ಪ್ರದೇಶವೆಂದು ಸರ್ಕಾರ ಸಾರಿತು; 2019ರಲ್ಲಿ ಅದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿತು. ಈ ಕಡೆಯ ಹಳ್ಳದ ಅಂಚಿನಲ್ಲಿ ಒಮ್ಮೆ ನಿಂತು ನೋಡಿ. ನೀರಿಗೆ ತಾಗಿ ವಾಟೆ, ಮುಂಡಿಗೆ, ಅದರ ಹಿಂದೆ ನೇರಳೆ, ಹೊಂಗೆ, ಅಲ್ಲಲ್ಲಿ ಅತ್ತಿ, ಜೌಗು ಇರುವಲ್ಲಿ ಮೊಣಕಾಲಿನಂಥ ಬೇರುಗಳನ್ನು ಮೇಲಕ್ಕೆತ್ತಿ ನಿಂತ ರಾಮಪತ್ರೆಯ ಜಾತಿಯ ಮರಗಳು. ಇಲ್ಲಿ ನೀರು ಎಲ್ಲಿ ಮುಗಿಯಿತು, ನೆಲ ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆದು ತೋರಿಸಲಾಗದು. ಆ ಗೆರೆಯಿಲ್ಲದ ಜಾಗದಲ್ಲಿಯೇ ಏಡಿ, ಮೀನಿನ ಮರಿ, ಕಪ್ಪೆ, ನೀರುನಾಯಿ ಇವುಗಳ ಸಂಸಾರ.

ಇದೇ ಜಿಲ್ಲೆಯ ಇನ್ನೊಂದು ಹೊಳೆಯ ಕಡೆಗೆ ಈಗ ಬನ್ನಿ. ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಕಡೆ ಹುಟ್ಟುವ ಕಾಳಿ, ಸುಮಾರು 184 ಕಿಲೋಮೀಟರು ಹರಿದು ಕಾರವಾರದ ಬಳಿ ಸಮುದ್ರವನ್ನು ಕೂಡುತ್ತದೆ. ದಾರಿಯಲ್ಲಿ ದಾಂಡೇಲಿ ಪಟ್ಟಣ. 1955ರಲ್ಲಿ ಅಲ್ಲಿ ವೆಸ್ಟ್ ಕೋಸ್ಟ್ ಕಾಗದದ ಗಿರಣಿ ಸ್ಥಾಪನೆಯಾಯಿತು. ಅದರ ಮರುವರ್ಷ, 1956ರಲ್ಲಿ, ದಾಂಡೇಲಿ ಅಭಯಾರಣ್ಯವೂ ಆಯಿತು. ಕಾರ್ಖಾನೆ ಮತ್ತು ಅಭಯಾರಣ್ಯ ಹೀಗೆ ಹೆಚ್ಚುಕಡಮೆ ಒಂದೇ ತೊಟ್ಟಿಲಲ್ಲಿ ಬೆಳೆದವು. ನಾವು ಓದಿದ ಪುಸ್ತಕದ ಕಾಗದ ಬೇಕು, ಅದನ್ನು ಮಾಡುವವರ ಸಂಬಳವೂ ಬೇಕು. ಮೇಷ್ಟ್ರ ಕೆಲಸ ಮಾಡಿಕೊಂಡು ಕಾಗದವನ್ನು ಬೈಯುವುದು ನನಗೆ ಭೂಷಣವಲ್ಲ. ಆದರೆ ಅದರ ಲೆಕ್ಕವನ್ನು ಹೊಳೆಯ ಕಡೆಯಿಂದಲೂ ಕೇಳಬೇಕು.

ಕಾಗದಕ್ಕಾಗಿ ಬಿದಿರನ್ನೋ ಮರವನ್ನೋ ಕ್ಷಾರದಲ್ಲಿ ಬೇಯಿಸಿ ನಾರನ್ನು ಬಿಡಿಸುತ್ತಾರೆ. ಉಳಿಯುವುದು ಕಪ್ಪು ರಸ. ಅದನ್ನು ಕುಲುಮೆಯಲ್ಲಿ ಸುಟ್ಟು ಕ್ಷಾರವನ್ನು ಮರಳಿ ಪಡೆಯುವ ವಿಧಾನವುಂಟು. ಆದರೂ ತೊಳೆದ ನೀರಿನಲ್ಲಿ ಬಣ್ಣವೂ ಕೊಳೆಯುವ ಪದಾರ್ಥವೂ ಅಷ್ಟಿಷ್ಟು ಉಳಿಯುತ್ತವೆ. ಇವು ಹೊಳೆಗೆ ಬಿದ್ದರೆ ಸೂಕ್ಷ್ಮಜೀವಿಗಳು ಇವನ್ನು ತಿನ್ನುತ್ತವೆ. ತಿನ್ನುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿಬಿಡುತ್ತವೆ. ಆಗ ಮೀನು ನೀರಿನಲ್ಲಿದ್ದೇ ಉಸಿರುಕಟ್ಟಿ ಸಾಯುತ್ತದೆ. ಪಟ್ಟಣದ ಬಚ್ಚಲು, ಪಾಯಿಖಾನೆಗಳ ನೀರು ಮಾಡುವುದೂ ಇದೇ ಕೆಲಸವನ್ನು. ಆದುದರಿಂದ ಬೆರಳನ್ನು ಗಿರಣಿಯ ಕಡೆಗೆ ಮಾತ್ರ ತೋರಿಸಿದರೆ ಸಾಲದು. ನಮ್ಮ ಹಿತ್ತಲಿನ ಚರಂಡಿಯ ಕಡೆಗೂ ತಿರುಗಿಸಬೇಕು. 1974ರಲ್ಲಿ ಬಂದ ಜಲಮಾಲಿನ್ಯ ತಡೆಯ ಕಾನೂನು ಇಬ್ಬರಿಗೂ ಅನ್ವಯಿಸುತ್ತದೆ.

ನೀರು ತಿಳಿಯಾದರೆ ಪ್ರಾಣಿಗಳು ತಾವಾಗಿ ಬರುವುವೆ? ಲಂಡನ್ನಿನ ಥೇಮ್ಸ್ ನದಿಯ ಕಥೆಯನ್ನು ಕೇಳಿ. ಪಟ್ಟಣದ ಬಳಿ ಆ ನದಿ ಸತ್ತಂತೆಯೇ ಎಂದು 1957ರಲ್ಲಿ ಅಲ್ಲಿಯ ವಿಜ್ಞಾನಿಗಳು ಹೇಳಿದ್ದರು. ಕೊಳಚೆ ನೀರನ್ನು ಶುದ್ಧಿಮಾಡುವ ಕೆಲಸ ಬಲವಾಗಿ ನಡೆದ ಮೇಲೆ, 1974ರಲ್ಲಿ ಸಾಲ್ಮನ್ ಎಂಬ ಮೀನು ಮತ್ತೆ ಕಂಡಿತು. ಆದರೂ ನದಿಯ ಎರಡು ಪಕ್ಕದಲ್ಲಿ ಗೋಡೆಗಳು ನಿಂತೇ ಇದ್ದವು. ಮೀನಿನ ಮರಿ ಅಡಗಲು ಜೊಂಡಿಲ್ಲ, ಹಕ್ಕಿ ಇಳಿಯಲು ಕೆಸರಿಲ್ಲ. ಮುಂದೆ ಗ್ರೀನಿಚ್ಚಿನಂಥ ಕಡೆಗಳಲ್ಲಿ ಗೋಡೆಯನ್ನು ಹಿಂದಕ್ಕೆ ಸರಿಸಿ, ಮೆಟ್ಟಿಲು ಮೆಟ್ಟಿಲಾಗಿ ಮಣ್ಣು ಹಾಕಿ ಜೊಂಡು ಬೆಳೆಸಿದರು. ಕಟ್ಟಿದ್ದನ್ನು ಬಿಚ್ಚುವ ಖರ್ಚು ಅವರಿಗೆ ಬಂದಿತು. ನಮಗೆ ಆ ಖರ್ಚು ಬೇಡವಾದರೆ ಈಗಲೇ ಎಚ್ಚರ ಬೇಕು.

ದಾಂಡೇಲಿಯ ಭಾಗ್ಯವೆಂದರೆ ಅಲ್ಲಿ ಎಲ್ಲವೂ ಹೋಗಿಲ್ಲ. ಪಟ್ಟಣದ ಮಗ್ಗುಲಲ್ಲಿಯೇ ನೀರುನಾಯಿಗಳಿವೆ, ಮೊಸಳೆಗಳಿವೆ. ಆ ಸುತ್ತಿನ ಕಾಡಿನಲ್ಲಿ ನಾಲ್ಕು ಜಾತಿಯ ಮಂಗಟ್ಟೆ ಹಕ್ಕಿಗಳಿವೆ. ಮಂಗಟ್ಟೆಗಳಿಗಾಗಿ 2011ರಲ್ಲಿ ಅಲ್ಲಿಯೂ ಒಂದು ಸಂರಕ್ಷಿತ ಪ್ರದೇಶವಾಯಿತು. ಬಯಲುಸೀಮೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ 34 ಕಿಲೋಮೀಟರು ಹರಿವನ್ನು 2015ರಲ್ಲಿ ನೀರುನಾಯಿಗಳಿಗೆಂದೇ ಮೀಸಲಿಟ್ಟರು. ಕಾನೂನು ತನ್ನ ಕೆಲಸವನ್ನು ಮಾಡಿದೆ. ಮಿಕ್ಕ ಕೆಲಸ ದಡದ ಮೇಲೆ ಆಗಬೇಕು.

ಏನು ಮಾಡಬೇಕು? ಮೊದಲನೆಯದು, ಇರುವುದನ್ನು ಕಡಿಯದಿರುವುದು. ಮಂಗಟ್ಟೆಯ ಹೆಣ್ಣು ದೊಡ್ಡ ಮರದ ಪೊಟರೆಯೊಳಗೆ ಕುಳಿತು ಬಾಗಿಲನ್ನು ಮುಚ್ಚಿಕೊಂಡು, ಕೊಕ್ಕು ಹಿಡಿಯುವಷ್ಟು ಸೀಳನ್ನು ಮಾತ್ರ ಬಿಡುತ್ತದೆ. ಗಂಡು ಹಣ್ಣು ತಂದು ಉಣಿಸುತ್ತದೆ. ಇಂದು ನೆಟ್ಟ ಸಸಿಯಲ್ಲಿ ಅಂಥ ಪೊಟರೆ ಆಗುವುದನ್ನು ನಾವಾಗಲಿ ನಮ್ಮ ಮಕ್ಕಳಾಗಲಿ ಕಾಣಲಾರೆವು. ಒಂದು ಹಳೆಯ ಟೊಳ್ಳು ಮರ ನೂರು ಸಸಿಗೆ ಮೇಲು. ಎರಡನೆಯದು, ಬೋಳಾದ ಕಡೆ ಹೊಳೆಯ ಸ್ವಂತ ಗಿಡಗಳನ್ನೇ ನೆಡುವುದು. ಸೂಪಾ ಅಣೆಕಟ್ಟಿನಿಂದ ವಿದ್ಯುತ್ತಿಗಾಗಿ ಬಿಡುವ ನೀರು ಏರಿಳಿಯುತ್ತದೆ; ಬೇರು ಬಿಗಿಯಿಲ್ಲದ ಗಿಡ ಅಲ್ಲಿ ನಿಲ್ಲಲಾರದು. ಕೆಳಗೆ ವಾಟೆ, ಮೇಲೆ ನೇರಳೆ, ಹೊಂಗೆ, ಅತ್ತಿ, ಹೀಗೆ ಕ್ರಮವಾಗಿ ಬರಬೇಕು. ಯಾವುದನ್ನು ನೆಡಬೇಕೆಂದು ತಿಳಿಯದಿದ್ದರೆ ಕೆಡದೆ ಉಳಿದ ಹಳ್ಳವೊಂದನ್ನು ನೋಡಿಬಂದರಾಯಿತು, ಅದೇ ಪಠ್ಯಪುಸ್ತಕ. ಮೂರನೆಯದು, ಮರಳನ್ನು ಬಿಡುವುದು. ಮರಳ ದಿಬ್ಬ ಮೊಸಳೆಗೆ ಬಿಸಿಲುಜಗಲಿ, ನೀರುನಾಯಿಗೆ ಮೈ ಒರೆಸಿಕೊಳ್ಳುವ ಅಂಗಳ.

ದಡವನ್ನು ಕಲ್ಲು ಹಾಸಿ, ಹುಲ್ಲು ಕತ್ತರಿಸಿ, ದೀಪ ಹಾಕಿ ಚೆಂದ ಮಾಡಿದರೆ ಸಂಜೆಯ ತಿರುಗಾಟಕ್ಕೆ ಹಿತ. ನೀರುನಾಯಿಗೆ ಅದರಿಂದ ಬಿಲ ಸಿಕ್ಕದು. ನಮ್ಮ ಕಣ್ಣಿಗೆ ಯಾವುದು ಪೊದೆ, ಗಲೀಜು ಎಂದು ತೋರುತ್ತದೆಯೋ ಅದು ಅನೇಕ ಜೀವಿಗಳಿಗೆ ಮನೆ.

ಇನ್ನು ಮನುಷ್ಯರ ಮಾತು. ಬಲೆ ಹರಿದ ನೀರುನಾಯಿಯ ಮೇಲೆ ಮೀನುಗಾರನಿಗೆ ಸಿಟ್ಟು ಬರುವುದು ಸಹಜ. ದಾಂಡೇಲಿಯಲ್ಲಿ ಮೊಸಳೆಗೆ ಬಲಿಯಾದವರೂ ಉಂಟು. ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ನಿಂತು ಮೊಸಳೆಯ ಹಿರಿಮೆಯನ್ನು ಹೇಳುವ ಧೈರ್ಯ ನನಗಿಲ್ಲ, ಯಾರಿಗೂ ಇರಬಾರದು. ಅವಳಿಗೆ ಬಟ್ಟೆ ಒಗೆಯಲು ಬೇಲಿ ಹಾಕಿದ ಕಟ್ಟೆ ಬೇಕು, ಮನೆಗೆ ನಲ್ಲಿಯ ನೀರು ಬೇಕು. ಕೋಳಿಯಂಗಡಿಯ ಕಸವನ್ನು ಹೊಳೆಗೆ ಎಸೆದು ಮೊಸಳೆಯನ್ನು ಮನುಷ್ಯರ ಹತ್ತಿರಕ್ಕೆ ಕರೆಯುವುದು ನಿಲ್ಲಬೇಕು. ಪ್ರಾಣಿಗೆ ಒಂದು ಜಾಗ, ಮನುಷ್ಯನಿಗೆ ಒಂದು ಜಾಗ ಎಂದು ದಡವನ್ನು ಹಂಚಿಕೊಟ್ಟಾಗಲೇ ಇಬ್ಬರಿಗೂ ನೆಮ್ಮದಿ. ಬಡವನ ಭಯವನ್ನು ಲೆಕ್ಕಕ್ಕೆ ಹಿಡಿಯದ ಸಂರಕ್ಷಣೆ ಬಹುಕಾಲ ಬಾಳಲಾರದು.

ಒಮ್ಮೆ ತರಗತಿಯಲ್ಲಿ ಕೂಲಂಕಷ ಶಬ್ದವನ್ನು ಬಿಡಿಸಿ ಹೇಳುತ್ತಿದ್ದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಸಾರ್, ದಡವೇ ಇಲ್ಲದಿದ್ದರೆ ಹೊಳೆ ಯಾವುದನ್ನು ಉಜ್ಜುತ್ತದೆ?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಮನೆಗೆ ಬಂದು ಯೋಚಿಸಿದಾಗ ನಗು ಉಳಿಯಲಿಲ್ಲ. ದಡವಿಲ್ಲದ ನೀರನ್ನು ಹೊಳೆಯೆನ್ನಲಾಗದು. ಅದು ಕಾಲುವೆ, ಇಲ್ಲವೆ ಚರಂಡಿ.

ನಿಮ್ಮ ಊರಿನ ಪಕ್ಕದಲ್ಲಿಯೂ ಒಂದು ಹೊಳೆಯೋ ಹಳ್ಳವೋ ಇದ್ದೇ ಇರುತ್ತದೆ. ಬರುವ ಭಾನುವಾರ ಅದರ ನೀರನ್ನು ನೋಡಿದ ಮೇಲೆ, ದಯವಿಟ್ಟು ಎರಡು ದಡಗಳನ್ನೂ ನೋಡಿಕೊಂಡು ಬನ್ನಿ.