ತೊಟ್ಲಕೊಂಡ: ಕಡಲಿಗೆ ಬೆನ್ನು ಹಾಕಿ ನೋಡಬೇಕಾದ ಬೆಟ್ಟ

ವಿಶಾಖಪಟ್ಟಣದಿಂದ ಭೀಮಿಲಿ ಕಡೆಗೆ ಕಡಲ ದಂಡೆಯ ರಸ್ತೆ ಹಿಡಿದು ಹೊರಟರೆ, ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿ ಎಡಕ್ಕೆ ತೊಟ್ಲಕೊಂಡ ಸಿಗುತ್ತದೆ. ಎತ್ತರ ಸುಮಾರು 128 ಮೀಟರ್. ಕಾರು ಮೇಲಿನ ತನಕ ಹೋಗುವುದರಿಂದ ಬೆಟ್ಟ ಹತ್ತಿದೆವು ಅಂತ ಜಂಬ ಕೊಚ್ಚುವ ಹಾಗಿಲ್ಲ. ಇಳಿದವರು ಮೊದಲು ಓಡುವುದು ಬಂಗಾಳ ಕೊಲ್ಲಿಯನ್ನು ಬೆನ್ನಿಗಿಟ್ಟುಕೊಂಡು ಸೆಲ್ಫಿ ತೆಗೆಯಲು. ತಪ್ಪೇನಿಲ್ಲ, ನೋಟವೇ ಹಾಗಿದೆ. ಆದರೆ ಎರಡು ಸಾವಿರ ವರ್ಷದ ಹಿಂದೆ ಇಲ್ಲಿ ಬೌದ್ಧ ವಿಹಾರ ಕಟ್ಟಿದವರು ನೋಟಕ್ಕೆ ಮರುಳಾಗಿ ಬಂದವರಲ್ಲ ಅಂತ ನನಗನ್ನಿಸುತ್ತದೆ.

ಒಂದು ಸಲ ಕಡಲು ಬಿಟ್ಟು ಕಾಲ ಬುಡ ನೋಡಿ. ಬಂಡೆಯಲ್ಲೇ ಕೊರೆದ ನೀರಿನ ತೊಟ್ಟಿಗಳಿವೆ, ಒಟ್ಟು ಹನ್ನೊಂದು. ಮಳೆಗಾಲದ ಮೂರು ತಿಂಗಳು ಭಿಕ್ಷುಗಳು ಅಲೆಯದೆ ಒಂದೆಡೆ ನಿಲ್ಲಬೇಕು ಅನ್ನುವ ಕಟ್ಟಳೆ ಬೌದ್ಧರಲ್ಲಿ ಹಳೆಯದು. ಆಗ ನೀರಿಗೆ ಬರವಿಲ್ಲ. ಆಮೇಲೆ? ಉಪ್ಪುನೀರು ಕಣ್ಣು ಹಾಯುವಷ್ಟು ದೂರ, ಕುಡಿಯಲು ಬೊಗಸೆ ನೀರಿಲ್ಲ! ಬಿದ್ದ ಮಳೆಯನ್ನು ಬಂಡೆಯ ಹೊಟ್ಟೆಯಲ್ಲಿ ಹಿಡಿದಿಟ್ಟರು. ಅದರಿಂದಲೇ ಸ್ತೂಪ, ಚೈತ್ಯ, ಸಾಲು ಕೋಣೆ, ಊಟದ ಶಾಲೆ ಎಲ್ಲ ಬಾಳಿದವು.

ಮತ್ತೆ ಊಟ ಬಂದದ್ದೆಲ್ಲಿಂದ? ಅದಕ್ಕೆ ಈಗ ಕಡಲ ಕಡೆ ತಿರುಗಬೇಕು. 1988ರಿಂದ ಆಂಧ್ರದ ಪುರಾತತ್ವ ಇಲಾಖೆ ಅಗೆದಾಗ ಸಾತವಾಹನರ ನಾಣ್ಯಗಳ ಜೊತೆಗೆ ರೋಮಿನ ಬೆಳ್ಳಿ ನಾಣ್ಯಗಳೂ ಸಿಕ್ಕವು. ಭಿಕ್ಷುಗಳ ನಡವಳಿಕೆಯ ಕಟ್ಟಳೆಯಾದ ‘ವಿನಯ’ದಂತೆ ಭಿಕ್ಷು ಬೆಳ್ಳಿ ಬಂಗಾರ ಮುಟ್ಟುವ ಹಾಗಿಲ್ಲ. ನಾಣ್ಯ ಮಾತ್ರ ಬೆಟ್ಟ ಹತ್ತಿದೆ! ಹಡಗಿನ ವ್ಯಾಪಾರಿಗಳು ಕೊಟ್ಟ ದಾನ ಅಂತ ಊಹಿಸಿದರೆ ಹೆಚ್ಚೇನೂ ತಪ್ಪಾಗದು. ಸಂತೆಯ ಗದ್ದಲಕ್ಕೆ ದೂರ, ದಾನಿಗಳಿಗೆ ಹತ್ತಿರ: ಜಾಗ ಹುಡುಕಿದವರು ಲೋಕ ಬಲ್ಲವರು. ನಮ್ಮ ಕಲಬುರಗಿಯ ಸನ್ನತಿಯಲ್ಲೂ ಸಾತವಾಹನರ ಕಾಲದ ಸ್ತೂಪವಿದೆ, ಆದರೆ ಅದಿರುವುದು ಕಡಲ ಬದಿಯಲ್ಲಲ್ಲ, ಭೀಮಾ ನದಿಯ ದಂಡೆಯಲ್ಲಿ.

ಇಷ್ಟೆಲ್ಲ ಮಣ್ಣಿನಡಿ ಮರೆತುಹೋಗಿತ್ತು. 1970ರ ದಶಕದಲ್ಲಿ ನೌಕಾಪಡೆಯವರು ವಿಮಾನದಿಂದ ಸಮೀಕ್ಷೆ ಮಾಡುವಾಗ ಕಣ್ಣಿಗೆ ಬಿತ್ತು. ಅಗೆದ ಮೇಲೆ ಪುನರ್ನಿರ್ಮಿಸಿದ್ದ ಮಹಾಸ್ತೂಪದ ಭಾಗ 2019ರ ಮಳೆಗೆ ಕುಸಿಯಿತು. ಹೋಗುವುದಾದರೆ ಮಳೆ ನಿಂತ ಮೇಲೆ, ಬೆಳಿಗ್ಗೆಯೇ ಹೋಗಿ. ಬಿಸಿಲೇರಿದರೆ ಮೇಲೆ ನೆರಳು ಕಡಿಮೆ. ಹತ್ತಿರದ ಇನ್ನೊಂದು ಬೌದ್ಧ ನೆಲೆ ಬಾವಿಕೊಂಡವನ್ನೂ ಅದೇ ದಿನ ನೋಡಬಹುದು.