ಬರೆಯಲಾರದ ಕೈಯ ಹಕ್ಕು

2019ರ ಮಾತು. ನಮ್ಮ ಶಾಲೆಯ ಹುಡುಗನೊಬ್ಬನಿಗೆ ಲೇಖನಿ ಹಿಡಿದೊಡನೆ ಬಲಗೈ ನಡುಗುತ್ತಿತ್ತು. ಬಾಯಲ್ಲಿ ಕೇಳಿದರೆ ಷಟ್ಪದಿಯ ಗಣವಿಭಾಗವನ್ನು ತಡೆಯಿಲ್ಲದೆ ಹೇಳುವನು. ಒಂದು ಪುಟ ಬರೆಯಲು ಮುಕ್ಕಾಲು ಗಂಟೆ ಬೇಕು. ಪರೀಕ್ಷೆಗೆ ಮುಂಚೆ, ಅವನು ಹೇಳಿದ್ದನ್ನು ಬರೆಯಲು ಒಬ್ಬ ಲಿಪಿಕಾರನನ್ನು ಕೊಡಬೇಕೆಂದು ಕೇಳಲು ನಾನೇ ಹೋದೆ. "ಶೇಕಡಾ 40ರ ಪ್ರಮಾಣಪತ್ರ ಎಲ್ಲಿದೆ ಮೇಷ್ಟ್ರೇ?" ಎಂದರು ಅಧಿಕಾರಿಗಳು. ಇರಲಿಲ್ಲ. "ಬಡವರ ಹುಡುಗ, ತಾವು ದೊಡ್ಡ ಮನಸ್ಸು ಮಾಡಬೇಕು" ಎಂದು ಕೈಮುಗಿದೆ. ಅವರು ಮಾಡಲಿಲ್ಲ. ಹುಡುಗ ಅರ್ಧ ಪ್ರಶ್ನೆಗಳನ್ನು ಹಾಗೆಯೇ ಬಿಟ್ಟು ಎದ್ದು ಬಂದ.

ಕೇಳುಗರೇ, ಅಂದು ನಾನು ಬೇಡಲು ಹೋದದ್ದೇ ತಪ್ಪೆಂಬುದು ನನಗೆ ತಿಳಿದದ್ದು ತಡವಾಗಿ. ಅಂಗವಿಕಲರ ಹಕ್ಕುಗಳ ಕಾಯಿದೆ 2016ರಲ್ಲಿ ಪಾರ್ಲಿಮೆಂಟಿನಲ್ಲಿ ಅಂಗೀಕಾರವಾಗಿ, 2017ರ ಏಪ್ರಿಲಿನಲ್ಲಿಯೇ ಜಾರಿಗೆ ಬಂದಿತ್ತು. 1995ರ ಹಳೆಯ ಕಾಯಿದೆ 7 ಬಗೆಯ ವೈಕಲ್ಯಗಳನ್ನು ಎಣಿಸಿತ್ತು. ಇದು 21ನ್ನು ಎಣಿಸುತ್ತದೆ. ಆದರೆ ನನ್ನ ಕಣ್ಣು ನಿಂತದ್ದು 'ಭೇದ' ಎಂಬ ಮಾತಿಗೆ ಅಲ್ಲಿ ಕೊಟ್ಟಿರುವ ಅರ್ಥದ ಮೇಲೆ. ಒಬ್ಬನನ್ನು ಬಾಗಿಲಿನಿಂದಾಚೆಗೆ ಅಟ್ಟುವುದು ಭೇದವೆಂದು ಎಲ್ಲರೂ ಬಲ್ಲರು. ಅತಿಯಾದ ಹೊರೆಯಾಗದ, ತಕ್ಕ ಅನುಕೂಲವೊಂದನ್ನು ಕೊಡಲು ನಿರಾಕರಿಸುವುದೂ ಭೇದವೇ ಎನ್ನುತ್ತದೆ ಈ ಕಾಯಿದೆ.

2018ರ ಸಿವಿಲ್ ಸರ್ವಿಸ್ ಪರೀಕ್ಷೆಗೆ ಅರ್ಜಿ ಹಾಕಿದ ಒಬ್ಬ ಅಭ್ಯರ್ಥಿಗೂ ಬರೆಯುವಾಗ ಕೈ ಸೆಡೆತುಕೊಳ್ಳುವ ತೊಂದರೆ. ಲಿಪಿಕಾರನನ್ನು ಕೊಡಲು ಕೇಂದ್ರ ಲೋಕಸೇವಾ ಆಯೋಗ ಒಪ್ಪಲಿಲ್ಲ. ವೈದ್ಯಮಂಡಳಿ ಅಳೆದ ವೈಕಲ್ಯ ಶೇಕಡಾ 6 ಮಾತ್ರ. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2021ರ ಫೆಬ್ರವರಿ 11ರಂದು ತೀರ್ಪು ಬಂತು: ಶೇಕಡಾ 40ರ ಗೆರೆ ಉದ್ಯೋಗದ ಮೀಸಲಾತಿಯಂಥ ವಿಷಯಗಳಿಗೆ ಸೇರಿದ್ದು, ಲಿಪಿಕಾರನ ನೆರವಿಗೆ ಆ ಗೆರೆಯನ್ನು ಅಡ್ಡ ಎಳೆಯಲಾಗದು. ನಮ್ಮ ಹುಡುಗನ ಪ್ರಶ್ನೆಯೂ ಇದೇ ಆಗಿತ್ತಲ್ಲವೆ!

ಲಿಪಿಕಾರನಿದ್ದರೆ ಮೋಸಕ್ಕೆ ದಾರಿಯಾಗುವುದೆಂದು ನಮ್ಮ ಅಧ್ಯಾಪಕರ ಕೊಠಡಿಯಲ್ಲೇ ಕೆಲವರು ಗೊಣಗುವುದುಂಟು. ಮೋಸವನ್ನು ತಡೆಯುವುದು ಮೇಲ್ವಿಚಾರಕರ ಕೆಲಸ. ವ್ಯಾಸರು ಹೇಳಿದರು, ಗಣಪತಿ ಬರೆದ. ಮಹಾಭಾರತ ಗಣಪತಿಯದೆಂದು ಇದುವರೆಗೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ನಿಮ್ಮ ಮನೆಯಲ್ಲಿ ಇಂಥ ಮಗುವಿದ್ದರೆ, ಪರೀಕ್ಷೆ ಹತ್ತಿರ ಬರುವವರೆಗೆ ಕಾಯಬೇಡಿ. ಸರ್ಕಾರಿ ವೈದ್ಯರಿಂದ, ಬರೆಯಲು ತೊಡಕಿದೆಯೆಂಬ ಪತ್ರವನ್ನು ಮುಂಚೆಯೇ ಪಡೆಯಿರಿ. ಅರ್ಜಿ ಕೊಟ್ಟು ಅದರ ನಕಲಿಗೆ ರುಜು ಹಾಕಿಸಿಕೊಳ್ಳಿ. 'ಆಗುವುದಿಲ್ಲ' ಎಂದರೆ ಬಾಯಿಮಾತಿಗೆ ಹಿಂದಿರುಗದೆ ಉತ್ತರವನ್ನು ಬರಹದಲ್ಲಿ ಕೇಳಿ. ಆ ಕಾಗದದೊಡನೆ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಬಹುದು. ಕಾಯಿದೆಯನ್ನು ಮೀರಿದವರಿಗೆ ಮೊದಲ ಸಲ 10,000 ರೂಪಾಯಿವರೆಗೆ ದಂಡವುಂಟು.

ಹೋದ ವರ್ಷ ಇನ್ನೊಬ್ಬ ಹುಡುಗಿಗಾಗಿ ನಾನು ಅರ್ಜಿ ಬರೆದೆ. ರೂಢಿಯ ಬಲ, 'ದಯಾಪರರಾದ ತಾವು' ಎಂದೇ ಮೊದಲಿಟ್ಟೆ. ಆಮೇಲೆ ಅದನ್ನು ಹೊಡೆದುಹಾಕಿ, ಕಾಯಿದೆಯ ಹೆಸರನ್ನೂ ಮೂರನೆಯ ಸೆಕ್ಷನ್ನನ್ನೂ ಬರೆದೆ.